ಅತ್ತೆಯ ಗಾದಿಯ ಮೇಲೆ ಕೂತ ಡಬ್ಬಿ

ಅಬ್ಲಾ ಫಾಯಿಕಾ ಯಾವ ಮನೆಗೆ ಕಾಲಿಟ್ಟರೂ ಮೊದಲು ಹೇಳುವ ಮಾತು ಒಂದೇ: "ದಿನಾ ಯಾರ್ಯಾರು ಎಲ್ಲೆಲ್ಲಿ ಕೂರ್ತೀರೋ ಹಾಗೇ ಕೂತ್ಕೊಳಿ, ನೋಡೋಣ."

ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಸಿನಿಮಾ ನೋಡುವ ಕೋಣೆಯ ಸದ್ದು ಸರಿಯಿಲ್ಲ, ಬಂದು ಹದ ಮಾಡಿಕೊಡಿ ಎಂದು ಕರೆಸಿದವರನ್ನೇ ಈಕೆ ಮದುವೆಮನೆಯ ಫೋಟೋದವರ ಹಾಗೆ ಸಾಲಾಗಿ ಕೂರಿಸುತ್ತಾಳೆ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದವಳೂ ಕೂರಬೇಕು, ಮೊಬೈಲಿನಿಂದ ತಲೆಯೆತ್ತದ ಹುಡುಗಿಯೂ ಕೂರಬೇಕು. ಒಬ್ಬೊಬ್ಬರ ಕಿವಿಯ ಎತ್ತರಕ್ಕೂ ಅಂಗೈ ಹಿಡಿದು ನೋಡಿದ ಮೇಲೆಯೇ ಅವಳು ಚೀಲದಿಂದ ಸದ್ದು ಅಳೆಯುವ ಮೈಕು ತೆಗೆಯುವುದು. ಜೆದ್ದಾದಲ್ಲಿ ಸ್ಪೀಕರ್ ಮಾರುವವರು ಬೇಕಾದಷ್ಟು ಜನ, ಕಿವಿಯ ಯೋಗಕ್ಷೇಮ ವಿಚಾರಿಸುವವಳು ಇವಳೊಬ್ಬಳೇ ಎಂದು ಊರಿನ ಹೆಂಗಸರು ಹೇಳುತ್ತಾರೆ. ಹೊಗಳಿಕೆಯಲ್ಲಿ ಉಪ್ಪುಖಾರ ಸ್ವಲ್ಪ ಮುಂದಿರಬಹುದು, ಆದರೆ ಸುಳ್ಳಲ್ಲ.

ಈ ವಿದ್ಯೆ ಅವಳಿಗೆ ಬಂದದ್ದು ಮದುವೆಗಳಿಂದ. ಅವಳ ಚಿಕ್ಕಮ್ಮ ಸಅದಿಯಾ ಹೆಂಗಸರ ಮದುವೆಮಂಟಪಗಳಲ್ಲಿ ಹಾಡುವ ಮೇಳದ ಯಜಮಾನಿ. ಮೊದಲು ಫಾಯಿಕಾಳನ್ನೂ ಹಾಡುವುದಕ್ಕೇ ಕೂರಿಸಿದಳು. ಒಂದು ಹಾಡು ಮುಗಿಯುವಷ್ಟರಲ್ಲಿ, "ನಿನ್ನ ಗಂಟ್ಲು ದೇವ್ರು ಕೊಟ್ಟಿದ್ದಲ್ಲ ಕಣೇ, ಯಾರೋ ತುಕ್ಕು ಹಿಡಿದ ಗೇಟಿಂದ ಕಿತ್ತು ಅಂಟ್ಸಿದಾರೆ" ಎಂದು ವೈರುಗಳ ಹತ್ತಿರ ಅಟ್ಟಿದಳು. ಗಂಡ ಬಿಟ್ಟುಹೋಗಿದ್ದ ಕಾಲ ಅದು. ಹೊಟ್ಟೆಪಾಡು ನಡೆಯಬೇಕಿತ್ತು. ವೈರಾದರೆ ವೈರು ಎಂದು ಫಾಯಿಕಾ ಅಲ್ಲೇ ಬೇರು ಬಿಟ್ಟಳು.

ಹೆಂಗಸರ ಮಂಟಪದೊಳಗೆ ಗಂಡಸಿನ ನೆರಳೂ ಬೀಳುವಂತಿಲ್ಲ. ಅಲ್ಲಿ ಎಲ್ಲರೂ ಮುಸುಕು ತೆಗೆದು, ತೋಳು ತೋರಿಸಿ, ಕೂದಲು ಬಿಚ್ಚಿ ಕುಣಿಯುತ್ತಿರುತ್ತಾರೆ. ಸ್ಪೀಕರ್ ಕಿರುಚಿಕೊಂಡರೆ ಇದ್ರೀಸ್ ಚಾಚಾ ಎಂಬ ಸೂಡಾನಿನ ಎಲೆಕ್ಟ್ರಿಷಿಯನ್ ಪರದೆಯಾಚೆ ನಿಂತು ಕೂಗುತ್ತಿದ್ದ: "ಕೆಂಪು ವೈರು ಹಿಡ್ಕೊಳಮ್ಮಾ!" ಒಳಗಿನಿಂದ ಫಾಯಿಕಾ: "ಎರಡೂ ಕೆಂಪೇ ಇದೆ ಚಾಚಾ!" ಅವನು: "ಹಾಗಾದ್ರೆ ಎರಡನ್ನೂ ಬಿಟ್ಟು ದೂರ ನಿಂತ್ಕೋ ತಾಯೀ!" ಹೀಗೆ ವರ್ಷಾನುಗಟ್ಟಲೆ ಪಾಠ ನಡೆಯಿತು. ಗುರು ಶಿಷ್ಯೆಯ ಮುಖ ನೋಡಲಿಲ್ಲ, ಶಿಷ್ಯೆ ಗುರುವಿನ ಚಪ್ಪಲಿ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಈಗಲೂ ಅವನ ಹೆಸರೆತ್ತಿದರೆ ಅವಳ ದನಿ ಮೆತ್ತಗಾಗುತ್ತದೆ.

ಊರಲ್ಲಿ ಆಗ ಚಿತ್ರಮಂದಿರಕ್ಕೆ ಸರಕಾರದ ಅಪ್ಪಣೆ ಇರಲಿಲ್ಲ. ಕೈಲಾದವರು ಮನೆಯೊಳಗೇ ಒಂದು ಮಾಡಿಕೊಂಡರು, ಅದೂ ಹೆಂಗಸರು ಮಕ್ಕಳು ಕೂರುವ ಒಳಕೋಣೆಯಲ್ಲಿ. ಸ್ಪೀಕರ್ ಜೋಡಿಸುವ ಗಂಡಸರು ಬಂದರೆ ಮನೆಯ ಹೆಂಗಸರೆಲ್ಲ ಬಾಗಿಲು ಹಾಕಿಕೊಂಡು ಇನ್ನೊಂದು ಕೋಣೆ ಸೇರಬೇಕು. ಆಗ ಮದುವೆಗಳಲ್ಲಿ ಫಾಯಿಕಾಳನ್ನು ನೋಡಿದ್ದವರು, "ಅಬ್ಲಾ, ನೀವೇ ಬಂದ್ಬಿಡಿ, ನಮಗೂ ಸಲೀಸು" ಎಂದು ಕರೆಯತೊಡಗಿದರು. ಅಬ್ಲಾ ಎಂದರೆ ಅಲ್ಲಿ ಅಕ್ಕನೂ ಹೌದು, ಟೀಚರೂ ಹೌದು. ಈಗ ಚಿತ್ರಮಂದಿರಗಳು ಬಂದಿವೆ, ಹೆಂಗಸರು ಕಾರು ಓಡಿಸಲೂ ಅಪ್ಪಣೆಯಿದೆ, ಫಾಯಿಕಾ ತಾನೇ ಕಾರು ಓಡಿಸಿಕೊಂಡು ಹೋಗುತ್ತಾಳೆ. ಆದರೂ ಮನೆಯ ಗಾದಿಯ ಮೇಲೆ ಕಾಲು ಚಾಚಿ ಸಿನಿಮಾ ನೋಡುವ ರುಚಿ ಹತ್ತಿದವರು ಬಿಡುತ್ತಾರೆಯೇ? ಅವಳ ಕೆಲಸ ಕಡಿಮೆಯಾಗಿಲ್ಲ.

ರಂಜಾನ್ ಇನ್ನೇನು ಬಂತು ಎನ್ನುವ ದಿನಗಳಲ್ಲಿ ನುಹಾ ಎಂಬ ಹೆಣ್ಣುಮಗಳು ಫೋನ್ ಮಾಡಿದಳು. ಧ್ವನಿಯಲ್ಲೇ ಅಳು ಇತ್ತು.

"ಅಬ್ಲಾ, ನಮ್ಮನೆ ವೂಫರ್ ಸರಿ ಮಾಡ್ಕೊಡಿ. ಇಲ್ದಿದ್ರೆ ನನ್ನ ಮಾನ ಉಳಿಯಲ್ಲ."

"ವೂಫರಿಗೂ ಮಾನಕ್ಕೂ ಎಲ್ಲಿಂದೆಲ್ಲಿಗಮ್ಮಾ?"

"ಬನ್ನಿ, ಹೇಳ್ತೀನಿ."

ಸಫಾ ಬಡಾವಣೆಯ ಆ ಮನೆಯಲ್ಲಿ ಕೆಳಗೆ ಅತ್ತೆ ಬಹೀಜಾ, ಮೇಲೆ ಮಗ ಹಾತಿಮ್ ಮತ್ತು ಸೊಸೆ ನುಹಾ. ಬಹೀಜಾರನ್ನು ಮೊಮ್ಮಕ್ಕಳಿಂದ ಹಿಡಿದು ಸೊಸೆಯವರೆಗೆ ಎಲ್ಲರೂ ಸಿತ್ತಿ, ಅಜ್ಜಿ, ಎಂದೇ ಕರೆಯುವುದು. ಪ್ರತಿ ಗುರುವಾರ ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳೆಲ್ಲ ಮೇಲಿನ ಕೋಣೆಯಲ್ಲಿ ಸೇರುತ್ತಾರೆ. ಮೂರು ಗೋಡೆಗೂ ಒತ್ತಿ ಹಾಸಿದ ತಗ್ಗು ಗಾದಿಗಳು, ನಡುವೆ ರತ್ನಗಂಬಳಿ. ಬಾಗಿಲಿಗೆ ಎದುರಿನ ಮೂಲೆ ಸಿತ್ತಿಯದು. ಅಲ್ಲಿ ಬೇರೆ ಯಾರೂ ಕೂರುವುದಿಲ್ಲ, ಮಲಗಿದ ಮಗುವನ್ನೂ ಅಲ್ಲಿ ಹಾಕುವುದಿಲ್ಲ.

ಹಾತಿಮ್, ಗುಡುಗಿನಂಥ ತಗ್ಗಿನ ಸದ್ದು ಹೊರಡಿಸುವ ಹೊಸ ಸಬ್‌ವೂಫರ್ ತರಿಸಿದ. ಪರದೆ ಪಕ್ಕದ ಮೂಲೆಯಲ್ಲಿ ಕೂತ, ಸಣ್ಣ ಮೇಜಿನಷ್ಟು ದೊಡ್ಡ ಕಪ್ಪು ಡಬ್ಬಿ. ಅದು ಬಂದ ಮೇಲೆ ಸಿತ್ತಿ ಒಂದೆರಡು ಗುರುವಾರ ಕೂತರು, ಸಿನಿಮಾದ ನಡುವೆಯೇ ಎದ್ದು ಕೆಳಗೆ ಹೋದರು, ಆಮೇಲೆ ಮೇಲೆ ಬರುವುದನ್ನೇ ಬಿಟ್ಟರು. ಕೇಳಿದರೆ, "ಮೆಟ್ಲು ಹತ್ತಕ್ಕಾಗಲ್ಲ" ಎನ್ನುತ್ತಾರೆ. ಮನೆಯಲ್ಲಿ ಲಿಫ್ಟ್ ಇದೆ.

"ಸದ್ದು ಕಮ್ಮಿ ಮಾಡಿ ನೋಡಿದ್ರಾ?" ಎಂದಳು ಫಾಯಿಕಾ.

"ಮಾಡಿದ್ವಿ ಅಬ್ಲಾ. ಸಿನಿಮಾ ಉಪ್ಪಿಲ್ಲದ ಅನ್ನದ ಹಾಗಾಯ್ತು, ಅಳಿಯಂದ್ರು ಆಕಳಿಸ್ಕೊಂಡು ಎದ್ದು ಹೋದ್ರು. ಅತ್ತೆ ಆಗ್ಲೂ ಬರ್ಲಿಲ್ಲ. ಈಗ ನನ್ನ ನಾದಿನಿ ಅವಾತಿಫ್ ಊರೆಲ್ಲಾ ಸಾರ್ಕೊಂಡ್ ಬರ್ತಿದಾರೆ, ಸೊಸೆ ಮಿಷನ್ ತಂದು ಅತ್ತೇನ ಓಡಿಸಿದ್ಲು ಅಂತ. ಇವತ್ತು ಕೆಳಗೇ ಇದಾರೆ, ಅಮ್ಮನ ಬಟ್ಟೆ ಮಡಿಸ್ತಿದಾರೆ. ರಂಜಾನಿಗೆ ತಮ್ಮನೆಗೆ ಕರ್ಕೊಂಡ್ ಹೋಗ್ತಾರಂತೆ. ಒಂದ್ಸಲ ಹೋದ್ರೆ ವಾಪಸ್ ಬರ್ತಾರಾ? ಅವ್ರಿಲ್ದೆ ಈ ಮನೇಲಿ ರಂಜಾನ್ ಹೇಗ್ ಮಾಡ್ಲಿ ನಾನು?"

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಸೊಸೆಗೆ ಮಾತ್ರ ತನ್ನ ಕಾಲ ಬೇಡವಾಗಿತ್ತು, ಅತ್ತೆ ಬೇಕಾಗಿದ್ದರು. ಅದು ಫಾಯಿಕಾಳಿಗೆ ಹಿಡಿಸಿತು.

ಅವಳು ಒಂದು ಸಿನಿಮಾ ಹಾಕಿಸಿ, ಕೋಣೆಯ ನಡುವೆ ಹೋಗಿ ನಿಂತಳು. ಗುಡುಗು ಬಂತು, ಆದರೆ ಜೀವವಿಲ್ಲದ ತೆಳು ಗುಡುಗು. ಗೋಡೆಯ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತಳು, ಅದೇ ಗುಡುಗು ದಪ್ಪವಾಯಿತು. ಸಿತ್ತಿಯ ಮೂಲೆಗೆ ಹೋಗಿ ಗಾದಿಯ ಪಕ್ಕದಲ್ಲಿ ತಲೆ ತಗ್ಗಿಸಿದಳು. ಹೊಟ್ಟೆಯೊಳಗೆ ಯಾರೋ ಒನಕೆ ಹಾಕಿದ ಹಾಗಾಯಿತು.

"ಇದನ್ನ ಜೋಡಿಸ್ದಾಗ ನೀವೆಲ್ಲಿದ್ರಿ?"

"ಒಳಗೆ, ಬಾಗ್ಲು ಹಾಕ್ಕೊಂಡು. ಅಂಗಡಿಯವರು ಬಂದಿದ್ರಲ್ಲ."

"ಹಾತಿಮ್ ಎಲ್ಲಿದ್ರು?"

"ಇಲ್ಲೇ ನಡುವೆ, ಕೈ ಕಟ್ಕೊಂಡು ನಿಂತು, ಇನ್ನೂ ಬೇಕು, ಇನ್ನೂ ಬೇಕು ಅಂತಿದ್ರಂತೆ. ಮೈಕ್ ಕೂಡ ಅಲ್ಲೇ ಇಟ್ಟಿದ್ರು."

"ಗುರುವಾರ ಅಲ್ಲಿ ಯಾರು ಕೂರ್ತಾರೆ?"

ನುಹಾ ಯೋಚಿಸಿದಳು. "ಯಾರೂ ಇಲ್ಲ. ಕಾಫಿ ತಟ್ಟೆ ಇಡ್ತೀವಿ."

"ಪರ್ವಾಗಿಲ್ಲ, ನಿಮ್ಮನೆ ಕಾಫಿ ತಟ್ಟೆಗೆ ಸಿನಿಮಾ ಬಹಳ ಚೆನ್ನಾಗಿ ಕೇಳ್ತಿದೆ" ಎಂದಳು ಫಾಯಿಕಾ.

ಅಂಗಡಿಯವರನ್ನು ಬೈಯುವಂತಿಲ್ಲ. ಅವರು ಕಲಿತ ಪಾಠದಲ್ಲಿ ಯಜಮಾನ ಕೋಣೆಯ ನಡುವೆ ಸೋಫಾ ಹಾಕಿಕೊಂಡು ಕೂರುತ್ತಾನೆ. ಇಲ್ಲಿ ಜನ ಗೋಡೆಗೆ ಒರಗಿ ಕೂರುತ್ತಾರೆ, ನಡುವೆ ಖಾಲಿ. ಅವರು ಬಂದಾಗ ಕೂತು ತೋರಿಸುವವರು ಯಾರೂ ಕೋಣೆಯಲ್ಲಿರಲಿಲ್ಲ. ತಗ್ಗಿನ ಸದ್ದಿನ ಗುಣವೇ ಹಾಗೆ, ನಡುವೆ ಸೊರಗುತ್ತದೆ, ಗೋಡೆಗೆ ಹೋಗಿ ಕೊಬ್ಬುತ್ತದೆ, ಮೂಲೆಯಲ್ಲಿ ಮದವೇರುತ್ತದೆ. ನಡುವೆ ನಿಂತವನಿಗೆ ಸಾಲುವಷ್ಟು ಏರಿಸಿದಾಗ ಮೂಲೆಯಲ್ಲಿ ಕೂತವರ ಪಾಡು ಏನಾಗಬೇಕು?

ನುಹಾ ಚಹಾ ತರಲು ಹೋದಳು. ಫಾಯಿಕಾ ಅಬಾಯಾ ನಿಲುವಂಗಿ ಕಳಚಿ ಗೂಟಕ್ಕೆ ಹಾಕಿ, ತೋಳು ಮಡಚಿದಳು. ಡಬ್ಬಿಗೆ ಸರಿಯಾದ ಜಾಗ ಹುಡುಕಲು ಅವಳದೊಂದು ದಾರಿಯಿದೆ. ಕೇಳುವವರು ಕೂರುವ ಜಾಗದಲ್ಲಿ ಡಬ್ಬಿಯನ್ನು ಕೂರಿಸಿ, ತಾನು ನೆಲದ ಮೇಲೆ ಅಂಬೆಗಾಲಿಡುತ್ತ ಕೋಣೆಯ ಸುತ್ತ ಕಿವಿಯಿಟ್ಟು ಹೋಗುವುದು. ಎಲ್ಲಿ ಸದ್ದು ಒಪ್ಪವಾಗಿ ಕೇಳುತ್ತದೋ ಅದೇ ಡಬ್ಬಿಯ ಜಾಗ. ಅಲ್ಲಿಟ್ಟರೆ ಕೂತವರಿಗೂ ಹಾಗೇ ಕೇಳುತ್ತದೆ. ಐವತ್ತು ದಾಟಿದ ಹೆಂಗಸು ಹೀಗೆ ನೆಲದ ಮೇಲೆ ಹರಿದಾಡುವುದನ್ನು ನೋಡಿ ಎಷ್ಟೋ ಮನೆಯ ಮಕ್ಕಳು ಬೆನ್ನ ಮೇಲೆ ಏರಿದ್ದುಂಟು.

ಅವಳು ಡಬ್ಬಿಯನ್ನು ಗಾಲಿಹಲಗೆಯ ಮೇಲೆ ತಳ್ಳಿಕೊಂಡು ಬಂದು ಸಿತ್ತಿಯ ಗಾದಿಯ ಮೇಲೆ ಏರಿಸಿದಳು. ದಿಂಬುಗಳ ನಡುವೆ ಅದು ಘನವಾಗಿ ಕೂತಿತು. ದಫ್ಫು ತಮಟೆಯ ತಾಳವೊಂದನ್ನು ಹಾಕಿ ಫಾಯಿಕಾ ನೆಲಕ್ಕೆ ಕೈಯೂರಿದಳು. ಕೆಲಸದ ಹುಮ್ಮಸ್ಸಿನಲ್ಲಿ ಅವಳಿಗೆ ಕಿವಿಗಳು ಮಾತ್ರ ನೆನಪಿದ್ದವು, ಆ ಗಾದಿ ಯಾರದೆಂಬುದು ಮರೆತೇಹೋಗಿತ್ತು.

ನುಹಾ ಚಹಾದೊಂದಿಗೆ ಬಾಗಿಲಿಗೆ ಬಂದವಳು ಅಲ್ಲೇ ಕಲ್ಲಾದಳು. ಅವಳ ಹಿಂದೆಯೇ, ಅಮ್ಮನ ಕಂಬಳಿ ಕೇಳಲು ಬಂದಿದ್ದ ಅವಾತಿಫ್.

"ಆಹಾ!" ಅವಾತಿಫ್ ಎದೆ ಬಡಿದುಕೊಂಡಳು. "ಅಮ್ಮ ಇನ್ನೂ ಬಾಗ್ಲು ದಾಟಿಲ್ಲ, ಆಗ್ಲೇ ಮಿಷನ್ನಿಗೆ ಪಟ್ಟ ಕಟ್ಟಿಬಿಟ್ಯಾ? ಹಿಂದಕ್ಕೆ ದಿಂಬು ಬೇರೆ!"

"ಅವಾತಿಫ್, ನಾನಲ್ಲ..."

"ಸುಮ್ನಿರು! ಉಮ್ಮೀ, ಉಮ್ಮೀ!" ಅಮ್ಮನನ್ನು ಕೂಗುತ್ತ ಅವಾತಿಫ್ ಮೆಟ್ಟಿಲಿಳಿದು ಓಡಿದಳು.

ಆ ಗಾದಿ ಯಾರದೆಂಬುದು ಫಾಯಿಕಾಳಿಗೆ ಆಗ ನೆನಪಾಯಿತು. ಡಬ್ಬಿ ಇಳಿಸೋಣವೆಂದು ಏಳಹೋದಳು. ಅಷ್ಟರಲ್ಲಿ ಬಾಗಿಲ ಪಕ್ಕದ ಚಪ್ಪಲಿ ಗೂಡಿನ ಬಳಿ ಅವಳ ಕಿವಿಗೆ ಆ ತಾಳ ಬಿದ್ದಿತು, ಎಲ್ಲೂ ಊದಿಕೊಳ್ಳದೆ, ಎಲ್ಲೂ ಸೊರಗದೆ, ಬೆರಳು ಬಿದ್ದ ಜಾಗವೇ ಕಾಣುವಷ್ಟು ಸ್ಪಷ್ಟವಾಗಿ. ಎಂಥ ಹೊತ್ತಿನಲ್ಲಿ ಸಿಕ್ಕಿತು ನೋಡಿ! ಅವಳು ಅಲ್ಲೇ ತಲೆ ಬಗ್ಗಿಸಿ ಇನ್ನೊಮ್ಮೆ ಕೇಳಿದಳು. ಕೆಲಸ ಬಲ್ಲವರ ಹುಚ್ಚು ಅಂದರೆ ಇದೇ.

ಲಿಫ್ಟಿನ ಬಾಗಿಲು ತೆರೆಯಿತು. ಊರುಗೋಲು ಹಿಡಿದ ಸಿತ್ತಿ ಬಹೀಜಾ, ಬೆನ್ನಿಗೆ ಅವಾತಿಫ್, ಹೊಸ್ತಿಲಲ್ಲಿ ನಿಂತರು. ಒಂದು ಕಡೆ ತಮ್ಮ ಗಾದಿಯ ಮೇಲೆ ಡಬ್ಬಿ, ಇನ್ನೊಂದು ಕಡೆ ಕಾಲ ಬುಡದಲ್ಲಿ ಚಪ್ಪಲಿಗಳ ಬಳಿ ಕಿವಿಯಿಟ್ಟು ಮಂಡಿಯೂರಿದ ಹೆಂಗಸು.

"ಏನ್ ಹುಡುಕ್ತಿದೀಯಮ್ಮಾ? ಓಲೆ ಬಿತ್ತಾ?"

"ನಿಮ್ಮ ಕಿವಿ ಹುಡುಕ್ತಿದೀನಿ ಸಿತ್ತಿ" ಎಂದಳು ಫಾಯಿಕಾ, ಏಳದೆಯೇ. "ತಪ್ಪಾಯ್ತು, ನಿಮ್ಮನ್ನ ಕೇಳ್ದೆ ಡಬ್ಬಿ ಅಲ್ಲಿಟ್ಟೆ. ನುಹಾಗೆ ಗೊತ್ತೇ ಇಲ್ಲ, ಕೆಲ್ಸ ನಂದು. ನಿಮ್ಮ ಬದ್ಲು ಅದನ್ನ ಕೂರಿಸಿ, ಕೋಣೆಯ ಒಂದೊಂದು ಕಡೆ ಹೋಗಿ, ಸಿತ್ತಿಗೆ ಎಲ್ಲಿಂದ ಹಿತವಾಗಿ ಕೇಳತ್ತೆ ಅಂತ ವಿಚಾರಿಸ್ತಿದ್ದೆ."

"ವಿಚಾರಿಸಿ ಏನ್ ತೀರ್ಮಾನ ಆಯ್ತು?"

"ಈ ಡಬ್ಬಿಯ ಜಾಗ ಇಲ್ಲಿ. ಚಪ್ಪಲಿ ಪಕ್ಕ."

ಸಿತ್ತಿ ಚಪ್ಪಲಿಗಳನ್ನೂ ಡಬ್ಬಿಯನ್ನೂ ಒಮ್ಮೆ ನೋಡಿದರು. ಅವರ ತುಟಿಯ ಒಂದು ಕೊನೆ ಅಲುಗಿತು. "ಮಿಷನ್ನಿಗೆ ಮರ್ಯಾದೆ ಗೊತ್ತಿದೆ ಹಾಗಾದ್ರೆ" ಎಂದರು. ಅವಾತಿಫ್ ಏನೋ ಹೇಳಹೋದಳು, ಅವರು ಊರುಗೋಲು ಎತ್ತಿ ತಡೆದರು. "ಮೊದ್ಲು ಏನ್ ತಪ್ಪಾಗಿತ್ತು, ತೋರ್ಸು. ನೋಡೇ ಹೋಗ್ತೀನಿ."

ಫಾಯಿಕಾ ಡಬ್ಬಿಯನ್ನು ಹಳೆಯ ಮೂಲೆಗೆ ತಳ್ಳಿ ಸದ್ದನ್ನು ಮೊದಲಿನಷ್ಟೇ ಏರಿಸಿದಳು. ನುಹಾ ಗಾದಿ ಕೊಡವಿ, ದಿಂಬು ಸರಿಮಾಡಿ, ಸಿತ್ತಿಯ ಕೈ ಹಿಡಿದು ಕೂರಿಸಿದಳು. ಫಾಯಿಕಾ ಕಿವಿಗೆ ಕೇಳಿಸುವುದೋ ಇಲ್ಲವೋ ಎನ್ನುವಷ್ಟು ತಗ್ಗಿನ ಒಂದು ಸ್ವರ ಹಾಕಿದಳು.

ಸಿತ್ತಿಯ ಮುಖ ಬಿಳಿಚಿತು. ಕೈ ಎದೆಗೆ ಹೋಯಿತು. "ಗಾಬರಿ ಆಗ್ಬೇಡ್ರಿ" ಎಂದರು, ಮೆಲ್ಲಗೆ. "ಇದು ಬರತ್ತೆ, ಹೋಗತ್ತೆ. ನನಗೆ ಅಭ್ಯಾಸ ಆಗಿದೆ."

ದೊಡ್ಡ ಸ್ಪೀಕರ್ ಪಕ್ಕ ಕೂತ ಮುದುಕಿಯರ ಕೈ ಹೀಗೆ ಎದೆಗೆ ಹೋಗುವುದನ್ನು ಫಾಯಿಕಾ ಮದುವೆಗಳಲ್ಲಿ ಎಷ್ಟು ಸಲ ನೋಡಿರಲಿಲ್ಲ! ತಟ್ಟನೆ ಸ್ವರ ನಿಲ್ಲಿಸಿದಳು. "ಈಗ ಹೋಯ್ತಾ?"

"ಹೋಯ್ತು."

ಹಾಕಿದಳು. "ಈಗ?"

"ಬಂತು."

ನಿಲ್ಲಿಸಿದಳು. "ಈಗ?"

ಸಿತ್ತಿ ಮೂಲೆಯ ಡಬ್ಬಿಯನ್ನೇ ನೋಡುತ್ತಿದ್ದರು. ಊರುಗೋಲು ಅದರತ್ತ ಚಾಚಿ, "ಇನ್ನೊಂದ್ಸಲ ಹಾಕು" ಎಂದರು. ಹಾಕಿದಳು. ನಿಲ್ಲಿಸಿದಳು. ಸಿತ್ತಿಯ ಕಣ್ಣು ತುಂಬಿಕೊಂಡಿತು.

"ಅದಾ? ಅದು ನನ್ನೆದೆ ಹೊಡ್ಕೊಳ್ಳೋದಲ್ವಾ?"

"ಅಲ್ಲ ಸಿತ್ತಿ. ಅದು ಡಬ್ಬಿ."

"ಗುರುವಾರ ಮಾತ್ರ ಬರೋದು. ಕೆಳಗೆ ಮಲಗಿದ್ರೂ ಒಂದೊಂದ್ಸಲ ಬರೋದು. ಗುರುವಾರದ ಊಟ ಭಾರ ಆಯ್ತೇನೋ ಅಂತ ಕರಿದಿದ್ದು ಬಿಟ್ಟೆ, ತುಪ್ಪ ಬಿಟ್ಟೆ. ಆಮೇಲೆ, ಟೈಮ್ ಬಂತು ಅನ್ಕೊಂಡೆ."

"ಡಾಕ್ಟ್ರ ಹತ್ರ ಯಾಕ್ ಹೋಗ್ಲಿಲ್ಲ ಉಮ್ಮೀ?" ಅವಾತಿಫಳ ದನಿಯಲ್ಲಿ ಈಗ ಜಗಳವಿರಲಿಲ್ಲ.

"ಹೋದ್ರೆ ಹೇಳ್ಬಿಡ್ತಾರಲ್ಲ!"

ನುಹಾ ಅವರ ಕಾಲ ಬಳಿ ಕುಸಿದು ಕೂತಳು. "ನನ್ನ ಮೇಲೆ ಕೋಪ ಅನ್ಕೊಂಡಿದ್ದೆ ಸಿತ್ತಿ. ಅದಕ್ಕೇ ಮನೆ ಬಿಟ್ಟು ಹೋಗ್ತಿದೀರಿ ಅಂತ."

"ಕೋಪಾನಾ? ಹುಚ್ಚಿ!" ಸಿತ್ತಿ ಅವಳ ತಲೆಯ ಮೇಲೊಂದು ಮೊಟಕಿದರು. "ಇಲ್ಲೇ ಏನಾದ್ರೂ ಆಗ್ಬಿಟ್ರೆ, ಸೊಸೆ ತಂದ ಮಿಷನ್ನೇ ಅತ್ತೇನ ಕೊಂದಿದ್ದು ಅಂತ ಊರು ನಿನ್ನ ಮೇಲೆ ಹಾಕತ್ತೆ. ಹೊತ್ತು ತಿರುಗೋಕೆ ನಿನ್ನ ತಲೆ ಎಷ್ಟಿದೆ? ಮಗಳ ಮನೇಲಾದ್ರೆ ಯಾರೂ ಏನೂ ಅನ್ನಲ್ಲ. ಅದಕ್ಕೇ ಹೊರಟಿದ್ದೆ."

ಅವಾತಿಫ್ ಗೋಡೆಯ ಕಡೆ ತಿರುಗಿಕೊಂಡಳು. ಊರಿನ ಬಾಯಿಗೆ ಮಾತು ಹಾಕಿದ್ದು ತಾನೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ, ಯಾರೂ ಹೇಳದೆಯೇ, ಮಡಿಸಿದ ಬಟ್ಟೆಗಳನ್ನು ಮತ್ತೆ ಬೀರುವಿನಲ್ಲಿಡಲು ಕೆಳಗೆ ಹೋದಳು.

ಅಲ್ಲಿಂದ ಮುಂದಿನದು ಫಾಯಿಕಾಳ ಕೈಚಳಕ, ನೋಡಬೇಕಾದದ್ದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಿತ್ತಿಗೆ ನೋವಾಗಬಾರದು, ಅಳಿಯಂದಿರು ಆಕಳಿಸಬಾರದು. ಡಬ್ಬಿಯನ್ನು ಚಪ್ಪಲಿ ಗೂಡಿನ ಪಕ್ಕಕ್ಕೆ ತಂದಳು. ಮೈಕನ್ನು ನಡುವೆ ಇಡದೆ ಗೋಡೆಯುದ್ದಕ್ಕೂ ಒಂದೊಂದು ದಿಂಬಿನ ಬಳಿ, ಕೂತವರ ಕಿವಿಯ ಎತ್ತರಕ್ಕೆ ಹಿಡಿಯುತ್ತ ಹೋದಳು. ಕಾಫಿ ತಟ್ಟೆಯ ಜಾಗವನ್ನು ಮಾತ್ರ ಕೇಳಲಿಲ್ಲ. ಡಬ್ಬಿ ಯಾವ ಸ್ವರದಿಂದ ಕೆಳಗೆ ಮಾತಾಡಬೇಕು, ಮೇಲಿನದನ್ನು ಎಲ್ಲಿ ಚಿಕ್ಕ ಸ್ಪೀಕರ್‌ಗಳಿಗೆ ಬಿಟ್ಟುಕೊಡಬೇಕು ಎಂದು ಗಡಿ ಹಾಕಿದಳು. ಆ ಗಡಿಯಲ್ಲಿ ಸದ್ದು ಟೊಳ್ಳಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಡಬ್ಬಿ ಮುಂದಕ್ಕೆ ನೂಕುವಾಗ ಸ್ಪೀಕರ್‌ಗಳು ಹಿಂದಕ್ಕೆ ಎಳೆಯುತ್ತಿದ್ದವು. ಡಬ್ಬಿಯ ಬೆನ್ನಿನ ಗುಂಡಿಯೊಂದನ್ನು ತಿರುಗಿಸಿ ಎರಡಕ್ಕೂ ಒಂದೇ ನೊಗ ಹೂಡಿದಳು, ಸದ್ದು ತುಂಬಿಕೊಂಡಿತು. ಕೊನೆಗೆ ಡಬ್ಬಿಯ ಕಾಲಿಗೆ ದಪ್ಪ ರಬ್ಬರ್ ಹಾಕಿದಳು, ಕೆಳಗೆ ಮಲಗಿದವರ ನೆತ್ತಿಗೆ ಸದ್ದು ಇಳಿಯದಿರಲೆಂದು. ಈ ಕೆಲಸದಲ್ಲಿರುವಾಗ ಅವಳ ಮುಖ ನೋಡಿದರೆ ಯಾರಿಗಾದರೂ ಕೈಮುಗಿಯೋಣ ಅನ್ನಿಸುತ್ತದೆ.

"ಆದ್ರೂ ಒಂದ್ಸಲ ಡಾಕ್ಟ್ರಿಗೆ ತೋರ್ಸಿ ಸಿತ್ತಿ" ಎಂದಳು, ವೈರು ಸುತ್ತುತ್ತ. "ನಾನು ಡಬ್ಬಿ ಡಾಕ್ಟ್ರು ಅಷ್ಟೇ."

"ತೋರಿಸ್ತೀನಿ. ಈಗ ಭಯ ಇಲ್ಲ. ಹಾಕಮ್ಮಾ ಸಿನಿಮಾ."

ಪರದೆಯ ಮೇಲೆ ಕಡಲು ಎದ್ದಿತು. ಮೋಡ ಕವಿಯಿತು. ಸಿತ್ತಿ ಬಹೀಜಾ ದಿಂಬಿಗೆ ಒರಗದೆ ನೆಟ್ಟಗೆ ಕೂತು, ಎದೆಯ ಮೇಲೆ ಕೈಯಿಟ್ಟು ಕಾದರು. ಗುಡುಗು ಬಂತು, ದೂರದಿಂದ ಉರುಳುತ್ತ ಬಂದು ಕೋಣೆಯನ್ನೆಲ್ಲ ತುಂಬಿ, ಗೋಡೆ ಹಿಡಿದು ಜಗ್ಗದೆ ದಾಟಿ ಹೋಯಿತು. ಆಮೇಲೆ ಮೌನ. ಸಿತ್ತಿ ಕೈ ತೆಗೆಯಲಿಲ್ಲ. ಇನ್ನೊಂದು ಗುಡುಗು ಬಂದು ಹೋಗುವವರೆಗೂ ಹಾಗೇ ಕೂತಿದ್ದು, ಪಕ್ಕದಲ್ಲಿದ್ದ ನುಹಾಳ ಅಂಗೈಯನ್ನು ಎಳೆದು ತಮ್ಮ ಎದೆಗೆ ಒತ್ತಿಕೊಂಡರು.

"ನೋಡು" ಎಂದರು. "ಇದು ನಂದೇ."